ಸಣ್ಣ ಊರು ಉಳಿಯುವ ಬಗೆ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷದ ಹಿಂದೆ ಬಾಡಿಗೆಯ ಒಂದು ಖೋಲಿ, ಒಂದು ಕಬ್ಬಿಣದ ತಿಜೋರಿ, ಎರಡು ರೆಜಿಸ್ಟರು ಇಟ್ಟುಕೊಂಡು ಶುರುವಾದ ನಮ್ಮ ಸಂಘ ಇಂದು ಸ್ವಂತ ಕಟ್ಟಡದಲ್ಲಿ ಬೆಳ್ಳಿಹಬ್ಬ ಆಚರಿಸುತ್ತಿದೆ. ಮೊದಲ ದಿನದಿಂದ ಅದರ ಲೆಕ್ಕಪತ್ರ ನೋಡಿಕೊಂಡು ಬಂದ ನಮಗೆ ಇದಕ್ಕಿಂತ ಸಂತೋಷದ ದಿನ ಬೇರೆ ಇಲ್ಲ. ಠೇವು ಎಷ್ಟು, ಸಾಲ ಎಷ್ಟು, ಲಾಭಾಂಶ ಎಷ್ಟು ಎಂಬುದನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ನಾವು ಇಂದು ಒಂದು ಪರದೇಶದ ಸಣ್ಣ ಊರಿನ ಸುದ್ದಿ ಹೇಳಿ, ಅಲ್ಲಿಂದ ನಮ್ಮ ಊರಿಗೆ ಬರುತ್ತೇವೆ.

ಹೀಗೆ ಮಾತಾಡತೀವಿ ಅಂದಾಗ ನಮ್ಮ ನಿರ್ದೇಶಕರೊಬ್ಬರು ನಕ್ಕರು. "ನಿಡಗುಂದಿಗೂ ಜಪಾನಿಗೂ ಏನ್ ಸಂಬಂಧರೀ?" ಎಂದರು. ಸಂಬಂಧ ಐತಿ. ಅದು ಕೊನೆಗೆ ತಿಳಿಯುತ್ತದೆ, ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಜಪಾನಿನ ಶಿಕೊಕು ಎಂಬ ದ್ವೀಪದಲ್ಲಿ ತೊಕುಶಿಮಾ ಎಂಬ ಪ್ರಾಂತ್ಯ. ಅದರ ಬೆಟ್ಟಗಳ ನಡುವೆ ಕಾಮಿಕಾತ್ಸು ಎಂಬ ಊರು. ಊರಿನ ಬಹುಪಾಲು ನೆಲ ಅಡವಿ. ನಮ್ಮ ಎರಿಹೊಲದಂಥ ಬಯಲು ಅಲ್ಲಿಲ್ಲ, ಗುಡ್ಡದ ಇಳಿಜಾರಿಗೆ ಪಾವಟಿಗೆಯಂತೆ ಕಡಿದ ಸಣ್ಣ ಸಣ್ಣ ಗದ್ದೆ. ಒಂದು ಕಾಲಕ್ಕೆ ಆರು ಸಾವಿರ ಜನ ಇದ್ದ ಊರಿನಲ್ಲಿ ಈಗ ಒಂದೂವರೆ ಸಾವಿರ ಜನವೂ ಇಲ್ಲ. ಇದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ 65 ದಾಟಿದವರು. ಮಕ್ಕಳು ದೊಡ್ಡ ಶಹರ ಹಿಡಿದಿದ್ದಾರೆ. ಮುದುಕರು ಮನೆ ಕಾಯುತ್ತಾರೆ. ಈ ಮಾತು ಕೇಳಿದರೆ ನಮ್ಮ ಕಡೆಯ ಎಷ್ಟೋ ಹಳ್ಳಿ ನಿಮಗೆ ನೆನಪಾಗಿರಬೇಕು.

ಆ ಊರಿನವರು ಕಟ್ಟಿಗೆ ಮತ್ತು ಮಿಕಾನ್ ಎಂಬ ಕಿತ್ತಳೆ ಜಾತಿಯ ಹಣ್ಣನ್ನು ನಂಬಿ ಬದುಕಿದವರು. 1981ರಲ್ಲಿ ಬಿದ್ದ ಭಾರಿ ಥಂಡಿಗೆ ಆ ಗಿಡಗಳೆಲ್ಲ ಒಣಗಿಹೋದವು. ಊರಿನ ಜೀವನಾಧಾರವೇ ಕಡಿದುಹೋಯಿತು. ಆಗ ಅಲ್ಲಿಯ ರೈತರ ಸಹಕಾರಿ ಸಂಘದಲ್ಲಿ ತೊಮೊಜಿ ಯೊಕೊಯಿಶಿ ಎಂಬ ಹುಡುಗ ನೌಕರನಿದ್ದ. ಇಪ್ಪತ್ತು ಚಿಲ್ಲರೆ ವಯಸ್ಸು, ಹೊರ ಊರಿನವನು. ಒಂದು ಸಲ ಒಸಾಕಾ ಶಹರದ ಖಾನಾವಳಿಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಹೆಣ್ಣುಮಕ್ಕಳು ತಾಟಿನಲ್ಲಿ ಅಲಂಕಾರಕ್ಕೆ ಇಟ್ಟ ಒಂದು ಎಲೆಯನ್ನು ಎತ್ತಿ "ಎಷ್ಟು ಚಂದ ಐತಿ" ಎಂದು ಹಿಗ್ಗುವುದನ್ನು ಅವನು ನೋಡಿದ. ಇಂಥ ಎಲೆ ನಮ್ಮ ಊರಿನ ಗುಡ್ಡದ ತುಂಬ ಅದಾವಲ್ಲ ಎಂಬ ವಿಚಾರ ಅವನ ತಲೆಯಲ್ಲಿ ಬಂತು.

ಊರಿಗೆ ಬಂದು ಹೇಳಿದರೆ ಯಾರೂ ನಂಬಲಿಲ್ಲ. ಎಲೆ ಮಾರಿ ಹೊಟ್ಟಿ ತುಂಬತೈತೇನು ಎಂದು ನಕ್ಕವರೇ ಹೆಚ್ಚು. 1986ರಲ್ಲಿ ನಾಲ್ಕೇ ನಾಲ್ಕು ಮನೆಯವರು ಮುಂದೆ ಬಂದರು. ಮೊದಮೊದಲು ಮಾಲು ಹೋಗಲಿಲ್ಲ. ಯಾವ ಎಲೆ, ಯಾವ ಅಳತೆ, ಯಾವ ಹಂಗಾಮಿಗೆ ಬೇಕು ಎಂಬುದೇ ಗೊತ್ತಿರಲಿಲ್ಲ. ಆ ಹುಡುಗ ತನ್ನ ಪಗಾರದ ರೊಕ್ಕ ಖರ್ಚು ಮಾಡಿ ದೊಡ್ಡ ದೊಡ್ಡ ಖಾನಾವಳಿಗಳಲ್ಲಿ ಉಂಡು ನೋಡಿ, ಅದನ್ನು ತಿಳಿದುಕೊಂಡು ಬಂದು ಊರಿನವರಿಗೆ ಹೇಳಿದ. ಬರಬರುತ್ತ ಸುಮಾರು ಇನ್ನೂರು ಮನೆಗಳು ಸೇರಿದವು. ಮುನ್ನೂರಕ್ಕೂ ಹೆಚ್ಚು ಬಗೆಯ ಎಲೆ, ಹೂವು, ಚಿಗುರು ಅಲ್ಲಿಂದ ಪೇಟೆಗೆ ಹೋಗತೊಡಗಿದವು. ಎಪ್ಪತ್ತು, ಎಂಬತ್ತು ವಯಸ್ಸಿನ ಅಜ್ಜಿಯರು ಮೊದಲು ಫ್ಯಾಕ್ಸಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ಇಂದಿನ ಬೇಡಿಕೆ ಏನು, ಧಾರಣೆ ಏನು ಎಂದು ತಾವೇ ನೋಡಿ ಎಲೆ ಕೊಯ್ದು ಕಟ್ಟಿ ಕಳಿಸುತ್ತಾರೆ. ಎಲೆ ಹಗುರ, ವಯಸ್ಸಾದವರ ಕೈಗೂ ಭಾರ ಆಗುವುದಿಲ್ಲ. ಅದೇ ಊರು 2003ರಲ್ಲಿ ಕಸ ಸುಡುವುದನ್ನು, ಹೂಳುವುದನ್ನು ಪೂರ್ತಿ ಬಿಡುವುದೇ ತನ್ನ ಗುರಿ ಎಂದು ಸಾರಿತು. ಅಲ್ಲಿ ಕಸದ ಗಾಡಿ ಇಲ್ಲ. ಜನರೇ ಕಸವನ್ನು ನಲವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸಿ ಒಂದು ಕೇಂದ್ರಕ್ಕೆ ತಂದು ಹಾಕುತ್ತಾರೆ.

ಇಲ್ಲಿ ಒಂದು ಖರೆ ಮಾತು ಹೇಳಬೇಕು. ಇಷ್ಟೆಲ್ಲ ಆದರೂ ಆ ಊರಿನ ಜನಸಂಖ್ಯೆ ಇಳಿಯುವುದು ನಿಂತಿಲ್ಲ. ಸಹಕಾರ ಎಂಬುದು ಮಂತ್ರದ ಬೂದಿಯಲ್ಲ. ಆದರೆ ಅಲ್ಲಿ ಉಳಿದವರು ಕೈಕಟ್ಟಿ ಕೂತಿಲ್ಲ, ದುಡಿಯುತ್ತ ಮರ್ಯಾದೆಯಿಂದ ಬಾಳುತ್ತಿದ್ದಾರೆ. ಇದು ಸಣ್ಣ ಮಾತಲ್ಲ.

ಈಗ ನಮ್ಮ ಊರಿಗೆ ಬರೋಣ. ನಿಡಗುಂದಿ ನಿನ್ನೆ ಮೊನ್ನೆ ಹುಟ್ಟಿದ ಊರಲ್ಲ. ಅಣ್ಣ ಬಸವಣ್ಣನವರ ಬಾಗೇವಾಡಿಯ ನೆರೆಯಲ್ಲಿ, ಕೃಷ್ಣೆಯ ದಂಡೆಗೆ ಸಮೀಪ ಇರುವ ಊರು. ವಿಜಯಪುರದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿ ಮೊದಲು 13 ಇತ್ತು, ಈಗ 50 ಆಗಿದೆ. ಊರಿಗೆ ಅದೇ ಬೆನ್ನೆಲುಬು. ಬಿಳಿಜೋಳ, ಕಡಲೆ, ತೊಗರಿ, ಕುಸುಬಿ ಬೆಳೆದು, ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿರೊಟ್ಟಿ ಶೇಂಗಾಹಿಂಡಿ ಉಂಡು ಬೆಳೆದವರು ನಾವು. ಬಹಳ ವರ್ಷ ಬಾಗೇವಾಡಿ ತಾಲೂಕಿನಲ್ಲಿದ್ದ ಊರಿಗೆ 2013ರ ರಾಜ್ಯ ಬಜೆಟ್ಟಿನಲ್ಲಿ ತಾಲೂಕಿನ ಪಟ್ಟ ಘೋಷಣೆಯಾಯಿತು. ಈಗ ತಹಶೀಲ್ದಾರ ಕಚೇರಿ ನಮ್ಮೂರಲ್ಲೇ ಐತಿ.

ಜಪಾನಿನ ಆ ಊರಿನ ಬದುಕನ್ನು ಥಂಡಿ ಬದಲಿಸಿತು. ನಮ್ಮ ಬದುಕನ್ನು ಬದಲಿಸಿದ್ದು ನೀರು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಅವರು ಪ್ರಧಾನಿಯಾದದ್ದು ಮರುತಿಂಗಳು. ಅಣೆಕಟ್ಟು ಮುಗಿದದ್ದು 2005ರಲ್ಲಿ. 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಬಂದು ಬಾಗಿನ ಅರ್ಪಿಸಿ ಲೋಕಾರ್ಪಣೆ ಮಾಡಿದರು. ಅಡಿಗಲ್ಲು ಇಟ್ಟಾಗ ತೊಟ್ಟಿಲಲ್ಲಿದ್ದ ಕೂಸು ಆ ಹೊತ್ತಿಗೆ ನಲವತ್ತು ದಾಟಿತ್ತು. 519.6 ಮೀಟರ್ ಎತ್ತರಕ್ಕೆ ನೀರು ನಿಂತರೆ ಸುಮಾರು 123 ಟಿಎಂಸಿ. ಅದು ನಾಡಿಗೆ ದೊಡ್ಡ ಭಾಗ್ಯ, ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ನೀರಿನ ಅಡಿಗೆ ಹೋದ ಹೊಲ ಯಾರವು? ಬಾಗಲಕೋಟೆಯ ಅರ್ಧ ಪೇಟೆ, ಹಳೆಯ ಕೊಲ್ಹಾರ, ದಂಡೆಯ ಎಷ್ಟೋ ಹಳ್ಳಿಗಳ ಗುಡಿ, ಗರಡಿಮನಿ, ಕಣ ಎಲ್ಲ ಅದರೊಳಗೆ ಹೋದವು.

ಪರಿಹಾರ ಬಂತು. ಅದು ಹೇಗೆ ಬಂತು, ಹೇಗೆ ಹೋಯಿತು ಎಂಬುದನ್ನು ನಮ್ಮ ಕೌಂಟರಿನ ಈಚೆ ಕೂತು ಕಣ್ಣಾರೆ ಕಂಡವರು ನಾವು. ಹುಟ್ಟಿದಾರಭ್ಯ ಅಷ್ಟು ರೊಕ್ಕ ಒಮ್ಮೆಲೇ ನೋಡಿರದ ಜನ. ಒಬ್ಬರು ಮಗಳ ಲಗ್ನ ಜೋರು ಮಾಡಿದರು. ಒಬ್ಬರು ಗಾಡಿ ತಂದರು. ಒಬ್ಬರು ಕೈಗಡ ಕೊಟ್ಟು ಕಳಕೊಂಡರು. ಅಣ್ಣತಮ್ಮಂದಿರು ಪಾಲಿಗಾಗಿ ಕೋರ್ಟು ಹತ್ತಿದರು. ಬೇರೆ ಕಡೆ ಹೊಲ ಕೊಂಡವರು ಮಾತ್ರ ಉಳಿದರು.

ಸಂಘ ಶುರುವಾಗಿ ಕೆಲವು ವರ್ಷಗಳ ಮೇಲೆ ಒಬ್ಬ ಹಿರಿಯರು ಬೆಳೆಸಾಲ ಕೇಳಿಕೊಂಡು ಬಂದರು. "ಉತಾರ ತಂದೀರೇನ್ ಕಾಕಾ?" ಎಂದು ಕೇಳಿದೆವು. ಅವರು ಧೋತರದ ಅಂಚಿನಲ್ಲಿ ಕಟ್ಟಿಕೊಂಡಿದ್ದ ಹಳೆಯ ಕಾಗದ ಬಿಚ್ಚಿ ಮೇಜಿನ ಮೇಲೆ ಇಟ್ಟರು. "ಉತಾರ ಇಲ್ಲೈತಿ ತಮ್ಮಾ, ಹೊಲ ನೀರಾಗ ಐತಿ" ಎಂದರು. ನಾವು ಏನು ಮಾಡಲು ಬಂದೀತು? ಕಾಯ್ದೆ ಪ್ರಕಾರ ಸಾಲ ಕೊಡುವಂತಿರಲಿಲ್ಲ. ಚಹಾ ಕುಡಿಸಿ ಕಳಿಸಿದೆವು. ಆಮೇಲೆ ಮಕ್ಕಳ ಜೊತೆ ಗೋವಾಕ್ಕೆ ದುಡಿಯಲು ಹೋದರು ಎಂದು ಕೇಳಿದೆವು. ಅವರ ಪರಿಹಾರದ ರೊಕ್ಕ ಒಮ್ಮೆ ನಮ್ಮ ಸಂಘದಲ್ಲೇ ಠೇವು ಇತ್ತು. ಠೇವು ಹಿಡಿಯಲು ನಾವು ಅವಸರ ಮಾಡಿದೆವು. ಅವರು ಅದನ್ನು ಒಡೆದು ಒಯ್ಯುವಾಗ "ಯಾತಕ್ಕ ಕಾಕಾ, ಒಂದೆಕರೆ ಹೊಲ ನೋಡೋಣೇನು?" ಎಂದು ಒಂದು ಮಾತು ಕೇಳಲಿಲ್ಲ. ಬ್ಯಾಲೆನ್ಸು ತಾಳೆಯಾಯಿತು, ನಮ್ಮ ಕೆಲಸ ಮುಗಿಯಿತು ಎಂದುಕೊಂಡೆವು. ಬೆಳ್ಳಿಹಬ್ಬದ ದಿನ ಈ ಮಾತು ಯಾಕೆ ಅನ್ನಬೇಡಿ. ಇಪ್ಪತ್ತೈದು ವರ್ಷದ ಜಮಾ ಹೇಳುವವರು ಖರ್ಚನ್ನೂ ಹೇಳಬೇಕು.

ಈ ಮಾತು ಇವತ್ತೇ ಹೇಳಲು ಕಾರಣ ಐತಿ. 2000ದ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ನೀರನ್ನು 519.6 ಮೀಟರಿಗೆ ನಿಲ್ಲಿಸಿತ್ತು. 2010ರ ಡಿಸೆಂಬರಿನಲ್ಲಿ ಎರಡನೆಯ ಕೃಷ್ಣಾ ನ್ಯಾಯಾಧಿಕರಣ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ಅದರ ಜಾರಿಗೆ ತಕರಾರುಗಳು ಇದ್ದೇ ಇವೆ. ಆದರೂ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮೂರನೆಯ ಹಂತದ ಮುಳುಗಡೆ ಜಮೀನಿಗೆ ದರ ಗೊತ್ತುಮಾಡಿತು: ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣಬೇಸಾಯದ ಹೊಲಕ್ಕೆ 30 ಲಕ್ಷ. ಮುಳುಗುವ ಜಮೀನೇ 75 ಸಾವಿರ ಎಕರೆಗೂ ಮೇಲೆ. ಅಂದರೆ ಹಿನ್ನೀರಿನ ಅಂಚಿನ ಊರುಗಳಿಗೆ ಇನ್ನೊಂದು ಸಲ ನೀರೂ ಬರತೈತಿ, ರೊಕ್ಕವೂ ಬರತೈತಿ. ರೊಕ್ಕ ಬರುವ ಮೊದಲೇ ಗಾಡಿ ಅಂಗಡಿಯವರು, ಪ್ಲಾಟು ಮಾರುವವರು ಬಾಗಿಲಿಗೆ ಬರತಾರ. ಆ ಹೊತ್ತಿಗೆ ನಮ್ಮ ಸಂಘ ಎಲ್ಲಿ ನಿಂತಿರಬೇಕು? ಇದೇ ಇಂದಿನ ಪ್ರಶ್ನೆ.

ನಮ್ಮ ಅಲ್ಪಮತಿಗೆ ತಿಳಿದದ್ದು ಹೇಳುತ್ತೇವೆ. ಒಂದು, ಬರಲಿರುವ ಪರಿಹಾರ ತೋರಿಸಿ ಸಾಲ ಕೇಳಿದರೆ ಸಂಘ ಕೊಡಬಾರದು. ಕೊಟ್ಟರೆ ನಾವೇ ಅವರನ್ನು ಮುಳುಗಿಸಿದಂತೆ. ಎರಡು, ಪರಿಹಾರದ ಠೇವನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಇಡಲು ಹೇಳಬೇಕು, ಒಡೆಯುವಾಗ ಇಬ್ಬರ ಸಹಿ ಇರಲಿ. ತಾಯಂದಿರ ಸಹಿ ಬೇಕಾದರೆ ಎಷ್ಟೋ ರೊಕ್ಕ ತಾನಾಗಿ ಉಳಿಯುತ್ತದೆ. ಮೂರು, ಮೇಲಿನ ಭಾಗದಲ್ಲಿ ಮಾರಾಟಕ್ಕಿರುವ ಹೊಲ, ಅದರ ಉತಾರ, ಬೋಜಾ, ನೀರಿನ ಅನುಕೂಲ ಇವನ್ನು ತಿಳಿದು ಹೇಳುವ ಒಬ್ಬ ಮನುಷ್ಯ ಸಂಘದಲ್ಲಿ ಇರಬೇಕು. ಜಪಾನಿನ ಆ ಹುಡುಗ ಖಾನಾವಳಿ ತಿರುಗಿ ಸುದ್ದಿ ತಂದಂತೆ, ಇವನು ಊರೂರು ತಿರುಗಿ ಸುದ್ದಿ ತರಬೇಕು.

ಇನ್ನು ದುಡಿಮೆಯ ಮಾತು. ನಮ್ಮಲ್ಲಿ ಆ ಎಲೆ ಯಾವುದು? ಹುಡುಕಲು ದೂರ ಹೋಗಬೇಕಿಲ್ಲ. ಕೊಲ್ಹಾರದ ಗಡಿಗೆ ಮೊಸರು ಇಡೀ ಸೀಮೆಗೆ ಹೆಸರಾದದ್ದು. ಊರು ಮುಳುಗಿ ಬೇರೆ ಕಡೆ ಬಂದರೂ ಮೊಸರಿನ ಹೆಸರು ಮುಳುಗಲಿಲ್ಲ, ಯಾಕೆಂದರೆ ಅದು ಹೆಣ್ಣುಮಕ್ಕಳ ಕೈಯೊಳಗಿನ ವಿದ್ಯೆ. ನಮ್ಮ ಜಿಲ್ಲೆಯ ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಎಂದು ಆಚರಿಸಿತು, ನಮ್ಮ ಜೋಳವೂ ಅದರಲ್ಲಿ ಸೇರಿತ್ತು. ಬೆಂಗಳೂರು, ಪುಣೆಯ ಮಂದಿ ಕಡಕ್ ರೊಟ್ಟಿ, ಶೇಂಗಾಹಿಂಡಿ, ಗಾಣದ ಕುಸುಬಿ ಎಣ್ಣೆ ಹುಡುಕಿಕೊಂಡು ತಿನ್ನುತ್ತಾರೆ. ರೊಟ್ಟಿ ಬಡಿಯಲು ನಮ್ಮ ಅವ್ವಂದಿರಿಗೆ ಯಾರೂ ಕಲಿಸಬೇಕಿಲ್ಲ. ಕಲಿಯಬೇಕಾದದ್ದು ಒಂದೇ ಅಳತೆಯ ರೊಟ್ಟಿ, ಒಂದೇ ತೂಕದ ಕಟ್ಟು, ಹೇಳಿದ ದಿನ ಹೇಳಿದ ಮಾಲು. ಇದನ್ನು ಒಬ್ಬರು ಮಾಡಲು ಆಗುವುದಿಲ್ಲ, ಸಂಘ ಮಾಡಬಹುದು. ಇಂದು ಎಲ್ಲರ ಕೈಯಲ್ಲೂ ಮೊಬೈಲ್ ಐತಿ. ಎಂಬತ್ತರ ಅಜ್ಜಿ ಕಂಪ್ಯೂಟರ್ ನೋಡಿ ಎಲೆ ಕೊಯ್ಯುವಳಾದರೆ, ನಮ್ಮ ಅಕ್ಕಾರು ಮೊಬೈಲ್ ನೋಡಿ ರೊಟ್ಟಿ ಬಡಿಯಲಾರರೇ?

ಹಾಗೆಯೇ ಹಿನ್ನೀರಿನ ದಂಡೆಯ ಪ್ಲಾಸ್ಟಿಕ್ ನೋಡಿರಿ. ಆಲಮಟ್ಟಿಯ ಉದ್ಯಾನ ನೋಡಲು ನಾಡಿನ ಜನ ಬರುತ್ತಾರೆ, ಉಂಡ ತಾಟು ನಮ್ಮ ನೀರಿಗೆ ಬಿಟ್ಟು ಹೋಗುತ್ತಾರೆ. ಅಷ್ಟೊಂದು ಬಗೆ ಬೇಡ, ಹಸಿ ಒಣ ಎಂದು ಎರಡು ಬಗೆ ವಿಂಗಡಿಸಿದರೂ ಸಾಕು. ಅದೇ ನೀರನ್ನು ನಾವೂ ಕುಡಿಯುತ್ತೇವೆ.

ಇದೆಲ್ಲ ನಮ್ಮಿಂದ ಆಗುವ ಮಾತೇ ಎಂದು ಅನುಮಾನ ಬಂದವರಿಗೆ ಒಂದೇ ಮಾತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳ ಎಂಬ ಸಣ್ಣ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. 1904ರ ಕಾಯ್ದೆ ಬಂದ ಮರುವರ್ಷವೇ. ದೇಶದ ಸಹಕಾರ ಚಳವಳಿಗೆ ದಾರಿ ತೋರಿಸಿದ್ದು ದೊಡ್ಡ ಶಹರವಲ್ಲ, ನಮ್ಮ ಕಡೆಯ ಒಂದು ಹಳ್ಳಿ. 2025ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಹಕಾರ ವರ್ಷ ಎಂದು ಸಾರಿದಾಗ ನಮಗೆ ನೆನಪಾದದ್ದು ಆ ಕಣಗಿನಹಾಳವೇ.

ನಿಡಗುಂದಿಗೂ ಜಪಾನಿಗೂ ಏನು ಸಂಬಂಧ ಎಂದು ಕೇಳಿದ ನಿರ್ದೇಶಕರಿಗೆ ಈಗ ಉತ್ತರ ಹೇಳಬಹುದು. ಅಲ್ಲಿ ಗಿಡ ಒಣಗಿದ ದಿನ ಸಂಘದ ಒಬ್ಬ ನೌಕರ ಜನರ ಜೊತೆ ನಿಂತ. ಇಲ್ಲಿ ಹೊಲ ಮುಳುಗಿದ ದಿನ ನಾವು ಕೌಂಟರಿನ ಹಿಂದೆ ಕೂತಿದ್ದೆವು. ಮುಂದಿನ ಸಲ ಆ ಕಾಕಾನಂಥವರು ಬಂದಾಗ ನಾವು ಎದ್ದು ಈಚೆ ಬರಬೇಕು. ಹಾಗೆ ಮಾಡಿದರೆ ಸಂಘದ ಸುವರ್ಣ ಮಹೋತ್ಸವಕ್ಕೆ ನಮ್ಮ ಮಕ್ಕಳು ಗೋವಾದಿಂದ, ಪುಣೆಯಿಂದ ಬರಬೇಕಾಗುವುದಿಲ್ಲ, ಇಲ್ಲಿಯೇ ಇರುತ್ತಾರೆ.