ಗೋಡೆಯೊಳಗಿನ ಕೂಲಿ
(ಕಮಲಾಪುರದಲ್ಲಿ ಮಾಡಿದ ಭಾಷಣ)



ನಿಮ್ಮೂರಿನ ಕೆಂಪು ಬಾಳೆಯ ತೋಟದಲ್ಲಿ ಗೊನೆ ಹೊರುವವನಿಗೆ ಸಂಜೆ ಎಷ್ಟು ಕೂಲಿ ಬರಬೇಕೆಂಬುದು ಗೊತ್ತಿರುತ್ತದೆ. ಕಡಿಮೆ ಕೊಟ್ಟರೆ ಮರುದಿನ ಬೇರೆ ತೋಟ ನೋಡಿಕೊಳ್ಳುತ್ತಾನೆ. ಕಠಿಣ ಸಜೆಯಾಗಿ ಕಲಬುರಗಿಯ ಕೇಂದ್ರ ಕಾರಾಗೃಹ ಸೇರಿದವನಿಗೆ ಆ ಮಾತಿಲ್ಲ. ಅವನು ದುಡಿಯಲೇಬೇಕು, ಹೇಳಿದ ಕೆಲಸವನ್ನೇ ಮಾಡಬೇಕು. ಸಾದಾ ಸಜೆಗೂ ಕಠಿಣ ಸಜೆಗೂ ಇರುವ ಅಂತರವೇ ಇದು.

ಕಂಪನಿ ಸರಕಾರದ ಕಾಲದಲ್ಲಿ ಕೈದಿಗಳಿಗೆ ಬೇಡಿ ಹಾಕಿ ರಸ್ತೆ ಕೆಲಸಕ್ಕೆ ಕಳಿಸುತ್ತಿದ್ದರು. 1838ರಲ್ಲಿ ವರದಿ ಕೊಟ್ಟ ಜೈಲು ಶಿಸ್ತಿನ ಸಮಿತಿಗೆ ಇದು ಸರಿಕಾಣಲಿಲ್ಲ. ಕಾರಣ ಬರೀ ಕರುಣೆಯಲ್ಲ. ಬಯಲಲ್ಲಿ ದುಡಿಯುವವನಿಗೆ ಜನರ ಮುಖ ಕಾಣುತ್ತದೆ, ನಾಲ್ಕು ಮಾತು ಸಿಗುತ್ತದೆ. ಶಿಕ್ಷೆಯ ಬಿಸಿ ತಟ್ಟುವುದಿಲ್ಲ. ಆದ್ದರಿಂದ ಗೋಡೆಯೊಳಗೆ ಕೂಡಿಹಾಕಿ ಬೇಸರ ಹುಟ್ಟಿಸುವ ಕೆಲಸ ಕೊಡಿ ಎಂದಿತು ಸಮಿತಿ. ಬೇಸರವೇ ಶಿಕ್ಷೆ! 1894ರ ಕಾರಾಗೃಹ ಕಾಯ್ದೆ ದಿನಕ್ಕೆ 9 ತಾಸಿನ ಮಿತಿ ಹಾಕಿತು.

ಅಷ್ಟರಲ್ಲಿ ಆಳುವವರಿಗೆ ಲಾಭದ ರುಚಿಯೂ ಹತ್ತಿತ್ತು. ನಿಜಾಮ ಸಂಸ್ಥಾನದ ವರಂಗಲ್ ಜೈಲು ರತ್ನಗಂಬಳಿಗೆ ಹೆಸರಾಯಿತು. ಕಲಬುರಗಿ ಜೈಲೂ ಆ ಸಂಸ್ಥಾನದ್ದೇ. 1939ರ ಆರ್ಯಸಮಾಜ ಸತ್ಯಾಗ್ರಹದಲ್ಲಿ ನಾರಾಯಣ ಸ್ವಾಮಿಗಳನ್ನು ಇಟ್ಟದ್ದು ಅಲ್ಲಿಯೇ. ಕಳ್ಳನಿಗೂ ಸತ್ಯಾಗ್ರಹಿಗೂ ಒಂದೇ ಬಾಗಿಲು.

ಸ್ವಾತಂತ್ರ್ಯ ಬಂದು ಅರ್ಧ ಶತಮಾನವಾದ ಮೇಲೆ, 1998ರಲ್ಲಿ, ಸುಪ್ರೀಂ ಕೋರ್ಟ್ ಕೂಲಿಯ ಪ್ರಶ್ನೆಯನ್ನು ತೀರ್ಮಾನಿಸಿತು. ಕಠಿಣ ಸಜೆಯ ದುಡಿಮೆ ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಿಟ್ಟಿ ಚಾಕರಿಯಲ್ಲ, ಆದರೆ ನ್ಯಾಯವಾದ ಕೂಲಿ ಕೊಡಬೇಕು ಎಂದಿತು. ಅದರಲ್ಲೊಂದು ಪಾಲು ಅಪರಾಧದಿಂದ ನೊಂದವರಿಗೆ ಸಲ್ಲಲೆಂದೂ ಹೇಳಿತು. ಆ ಮಾತು ನನಗೆ ಬಹಳ ಹಿಡಿಸಿದೆ. ಕರ್ನಾಟಕದಲ್ಲಿ ಕೈದಿಯ ದಿನಗೂಲಿ ಈಗ 500 ರೂಪಾಯಿ ದಾಟಿದೆ.

ಆದರೆ ಯಾರಿಗೆ ಯಾವ ಕೆಲಸ? ಹಲವು ರಾಜ್ಯಗಳ ಜೈಲು ಕೈಪಿಡಿಗಳು ಜಾತಿ ನೋಡಿ ಕೆಲಸ ಹಂಚುತ್ತಿದ್ದವು. ಅಡುಗೆಗೆ ಮೇಲುಜಾತಿಯವರು, ಕಸಬರಿಗೆಗೆ ಕೆಳಜಾತಿಯವರು. ಶಿಸ್ತು ಕಲಿಸುತ್ತೇವೆಂದವರು ಊರಿನ ಕೇರಿಗಳನ್ನೇ ಗೋಡೆಯೊಳಗೆ ಕಟ್ಟಿದ್ದರು. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಅಂಥ ನಿಯಮಗಳನ್ನು ರದ್ದುಪಡಿಸಿತು. ಜೈಲಿನ ದಾಖಲೆಯಿಂದ ಜಾತಿಯ ಕಾಲಂ ತೆಗೆಯಬೇಕೆಂದಿತು.

ಪುಸ್ತಕದಲ್ಲಿ ಅಳಿಸಿದ್ದು ರೂಢಿಯಲ್ಲಿ ಅಳಿಯುವುದು ಅಷ್ಟು ಸುಲಭವಲ್ಲ. ಅದಕ್ಕೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಹಾಗೂ ಸಂದರ್ಶಕ ಮಂಡಳಿಯವರು ಒಳಹೋಗಿ ತಪಾಸಣೆ ಮಾಡಬೇಕೆಂದು ಅದೇ ತೀರ್ಪು ಹೇಳಿದೆ. ಕಲಬುರಗಿಯಲ್ಲಿ ಆ ಕೆಲಸಕ್ಕೆ ಹೋಗಿ ಬರುವವರನ್ನು ನಾವು ಕೇಳಬಹುದು: ಅಡುಗೆಮನೆಯಲ್ಲಿ ಯಾರಿದ್ದರು, ಕಕ್ಕಸು ತೊಳೆಯುವವರು ಯಾರಿದ್ದರು?