ಜ್ವರ ಇಳಿದ ಮೇಲೆ

(ಬಸವೇಶ್ವರನಗರದ ಅನುಭಾವ ಗೋಷ್ಠಿಯಲ್ಲಿ ಆಡಿದ ಮಾತು)



“ಶರಣು ಎಂದರೂ ತಿರುಗಿ ನೋಡುವುದಿಲ್ಲ, ಅಹಂಕಾರ ಬಂದಿದೆ” ಎಂದು ಕೆಲವರಿಗೆ ನನ್ನ ಮೇಲೆ ಬೇಸರ. ಅಹಂಕಾರವಲ್ಲ, ಎಡಗಿವಿ ಕೇಳಿಸುವುದಿಲ್ಲ. ಕಳೆದ ವರ್ಷ ಬಂದ ಬ್ಯಾಕ್ಟೀರಿಯಾ ಮೆನಿಂಜೈಟಿಸ್ ಅದನ್ನು ಕಿತ್ತುಕೊಂಡಿತು.

ಮಿದುಳು, ಬೆನ್ನುಹುರಿಗಳನ್ನು ಸುತ್ತಿರುವ ಪೊರೆಗೆ ರೋಗಾಣು ತಗಲಿ ಊದಿಕೊಳ್ಳುವುದೇ ಈ ಕಾಯಿಲೆ. ಜೋರು ಜ್ವರ, ತಲೆನೋವು, ವಾಂತಿ, ಸೆಟೆದ ಕತ್ತು, ತಾಳತಪ್ಪಿದ ಮಾತು ಕಂಡರೆ ದೃಷ್ಟಿ ತೆಗೆಯುತ್ತ ಕೂರಬೇಡಿ. ನಮ್ಮ ಮನೆಯಲ್ಲಿ ಹಾಗೆ ಒಂದು ರಾತ್ರಿ ಕಳೆಯಿತು. ಇಲ್ಲಿ ಪ್ರತಿ ಗಂಟೆಗೂ ಬೆಲೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಈ ರೋಗ ಬಂದ 6 ಜನರಲ್ಲಿ ಒಬ್ಬರು ಸಾಯುತ್ತಾರೆ. 5 ಜನರಲ್ಲಿ ಒಬ್ಬರಿಗೆ ತೀವ್ರ ತೊಡಕು ಉಂಟಾಗುತ್ತದೆ.

ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿ, ನರದ ಮೂಲಕ ಆಂಟಿಬಯಾಟಿಕ್ ಕೊಟ್ಟರು, ಬದುಕಿದೆ. ಆದರೆ ದಣಿವು, ಮರೆವು, ಸಿಡುಕು ತಿಂಗಳುಗಟ್ಟಲೆ ಬಿಡಲಿಲ್ಲ. ಸೇತುವೆಗಳ ಅಂದಾಜುಪಟ್ಟಿ ಬರೆದ ನನಗೆ ಹಾಲಿನ ಲೆಕ್ಕ ತಪ್ಪುತ್ತಿತ್ತು. ಇಂಥವರನ್ನು ಸೋಮಾರಿ ಎನ್ನಬೇಡಿ. ಗಿಡಕ್ಕೆ ನೀರು ಹಾಕುವುದರಿಂದ ಶುರುಮಾಡಿದೆ. ದಣಿಯುವ ಮೊದಲೇ ನಿಲ್ಲಿಸಲು ಕಲಿತೆ. ಕಿರಿದಾದರೂ ಕಾಯಕ ಕಾಯಕವೇ.

ಗುಣವಾದವರಿಗೆ, ಮುಖ್ಯವಾಗಿ ಮಕ್ಕಳಿಗೆ, 4 ವಾರದೊಳಗೆ ಶ್ರವಣ ಪರೀಕ್ಷೆ ಮಾಡಿಸಿ. ತಡವಾದರೆ ಒಳಗಿವಿಯಲ್ಲಿ ಮೂಳೆ ಬೆಳೆದು ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಕೆ ಕಷ್ಟವಾಗಬಹುದು. ಕೂಸುಗಳಿಗೆ ಪೆಂಟಾವೇಲೆಂಟ್, ನ್ಯುಮೋಕಾಕಲ್ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ತಪ್ಪಿಸಬೇಡಿ.

ಇನ್ನು ಮೇಲೆ ಶರಣು ಹೇಳುವವರು ದಯವಿಟ್ಟು ನನ್ನ ಬಲಗಡೆ ಬನ್ನಿ.