ಪಾಕಶಾಲೆಯೂ ವಂಶಸ್ಮೃತಿಯೂ

(ಮಹೋತ್ಸವದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮನುಷ್ಯನು ತಾನು ಎಲ್ಲಿಂದ ಬಂದವನೆಂಬುದನ್ನು ತಿಳಿಯಲಪೇಕ್ಷಿಸುವುದು ಸ್ವಾಭಾವಿಕವಾದುದು. ಶ್ರೀಮಠದ ಜಾತ್ರೆಗೆ ದೂರದೇಶಗಳಿಂದ ಬರುವ ಭಕ್ತರ ಮಕ್ಕಳು, ದರ್ಶನಾಶೀರ್ವಾದಗಳಾದ ಮೇಲೆ, ತಮ್ಮ ಮನೆತನದ ಮೂಲವಾವುದು, ಹಿರಿಯರು ಯಾವ ಊರನ್ನು ಬಿಟ್ಟು ಯಾವ ಊರಿಗೆ ಬಂದರು ಎಂದು ಕೇಳುವುದುಂಟು. ಅಂಥವರಿಗೆ ಸಾಧಾರಣವಾಗಿ ತೋರಿಸಲ್ಪಡುವ ಆಧಾರಗಳು ಮೂರು: ಮನೆಯಲ್ಲಿರುವ ಹಳೆಯ ಕಾಗದಪತ್ರಗಳು, ಮಠದ ಭಕ್ತಿಕಾಣಿಕೆಯ ಲೆಕ್ಕದ ಪುಸ್ತಕಗಳು, ಹೆಳವರ ಬಾಯಿಪಾಠ. ನಾಲ್ಕನೆಯ ಆಧಾರವೊಂದು ಪ್ರತಿಯೊಂದು ಮನೆಯಲ್ಲಿಯೂ ಇದ್ದು, ಪ್ರತಿದಿನವೂ ಒಲೆಯ ಮೇಲೆ ಬೇಯುತ್ತಿದ್ದರೂ, ಅದರ ಕಡೆಗೆ ಯಾರೂ ದೃಷ್ಟಿಯನ್ನು ಹರಿಸುವುದಿಲ್ಲ. ಅದುವೇ ಪಾಕಶಾಲೆ. ಅದರ ವಿಚಾರವೇ ಈ ಉಪನ್ಯಾಸದ ವಿಷಯವು.

ಮೊದಲು ಪ್ರಸಿದ್ಧವಾದ ಆಧಾರಗಳನ್ನು ನೋಡೋಣ. ಹೆಳವರು ಸುಗ್ಗಿಯಾದ ಮೇಲೆ ಎತ್ತಿನೊಡನೆ ಊರೂರಿಗೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರಿನ ಕ್ರಮದಿಂದ ಹೇಳಿ, ಕಾಳುಕಡಿಗಳ ದಾನವನ್ನು ಪಡೆದು ಹೋಗುವವರು. ಉತ್ತರ ಕರ್ನಾಟಕದ ಅನೇಕ ಒಕ್ಕಲು ಮನೆತನಗಳಿಗೆ ಇವರ ನಾಲಗೆಯೇ ಇತಿಹಾಸದ ಭಾಂಡಾರವಾಗಿದೆ. ಇನ್ನು ಅಡ್ಡಹೆಸರುಗಳು. ಕಿತ್ತೂರ, ನರಗುಂದ, ಬಾದಾಮಿ ಎಂಬವು ಊರನ್ನು ಹೇಳುತ್ತವೆ. ಗಾಣಿಗೇರ, ಹೂಗಾರ, ಹಡಪದ ಎಂಬವು ಕಾಯಕವನ್ನು ಹೇಳುತ್ತವೆ. ಇವುಗಳ ಜೊತೆಯಲ್ಲಿ ಬೆಲ್ಲದ, ತುಪ್ಪದ, ಉಪ್ಪಿನ, ಅಕ್ಕಿ, ಎಣ್ಣಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಹೆಸರುಗಳನ್ನು ಕೇಳಿದ ಪರಸ್ಥಳದವರು ನಗುವುದುಂಟು. ನಗತಕ್ಕ ವಿಷಯವಲ್ಲ. ಆ ಮನೆತನದ ಯಾವನೋ ಒಬ್ಬ ಹಿರಿಯನು ಸಂತೆಯಲ್ಲಿ ಆ ಪದಾರ್ಥವನ್ನು ತೂಗಿ ಮಾರಿ, ಆ ಕಾಯಕದಿಂದ ಮಕ್ಕಳನ್ನು ಸಾಕಿ, ಜಂಗಮದಾಸೋಹವನ್ನು ನಡೆಸಿರಬೇಕೆಂಬುದಕ್ಕೆ ಅವು ಸಾಕ್ಷಿಗಳು. ರಾಜರು ಕೊಟ್ಟ ಬಿರುದುಗಳಿಗಿಂತ ಇವು ಯಾವ ವಿಧದಿಂದಲೂ ಕಡಿಮೆಯವಲ್ಲ.

ಆದರೆ ಈ ಆಧಾರಗಳಲ್ಲಿ ಒಂದು ದೊಡ್ಡ ಕೊರತೆಯಿದೆ. ಕಾಗದಪತ್ರಗಳಲ್ಲಿರುವುದು ಹೆಚ್ಚಾಗಿ ಗಂಡಸರ ಹೆಸರು. ಅಡ್ಡಹೆಸರು ನಡೆಯುವುದು ಗಂಡಸರಿಂದ. ವಂಶಾವಳಿಯಲ್ಲಿ ಅಪ್ಪನಿಂದ ಮಗನಿಗೆ ಗೆರೆ ಎಳೆಯಲ್ಪಡುತ್ತದೆ. ಆ ಮಗನನ್ನು ಹೆತ್ತವಳು ಯಾರು, ಆಕೆಯ ತೌರೂರು ಯಾವುದು ಎಂಬುದನ್ನು ಆ ಗೆರೆಯು ಹೇಳುವುದಿಲ್ಲ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಆಕೆಯ ಹೆಸರು ಅಳಿದುಹೋಗುತ್ತದೆ. ಹೆಸರು ಅಳಿದರೂ ಆಕೆಯ ಕೈಗುಣವು ಮಾತ್ರ ಅಳಿಯದು. ತೌರಿನಲ್ಲಿ ಕಲಿತ ಪಾಕವನ್ನು ಆಕೆ ಅತ್ತೆಯ ಮನೆಗೆ ತಂದಳು. ಅತ್ತೆಯ ಪಾಕವನ್ನು ಕಲಿತಳು. ಎರಡನ್ನೂ ಕೂಡಿಸಿ ಮಗಳಿಗೂ ಸೊಸೆಗೂ ಕೊಟ್ಟಳು. ಹೀಗೆ ಒಂದು ಮನೆಯ ಅಡುಗೆಯೆಂಬುದು ಆ ಮನೆಗೆ ಬಂದ ತಾಯಂದಿರೆಲ್ಲರ ವಂಶಾವಳಿಯಾಗಿರುತ್ತದೆ. ಬರೆಯಲ್ಪಡದಿದ್ದರೂ ಓದಬಲ್ಲವರಿಗೆ ಅದು ಓದಲು ಬರುವುದು.

ಓದುವ ಬಗೆ ಹೇಗೆ? ಒಂದೆರಡು ದೃಷ್ಟಾಂತಗಳನ್ನು ಕೊಡಬಹುದು. ರಾಗಿಯ ಮುದ್ದೆಯನ್ನುಣ್ಣುವ ದಕ್ಷಿಣದ ಸೀಮೆಯಲ್ಲಿ ನೆಲಸಿದ ಒಂದು ಮನೆತನದವರು, ನಿತ್ಯದಲ್ಲಿ ಮುದ್ದೆಯನ್ನೇ ಉಂಡರೂ, ಮಾರ್ಗಶಿರದ ಎಳ್ಳಮಾವಾಸ್ಯೆಯ ದಿನ ಸಜ್ಜೆಯ ರೊಟ್ಟಿಯನ್ನು ಎಳ್ಳು ಹಚ್ಚಿ ಬಡಿದು, ಬಗೆಬಗೆಯ ಕಾಯಿಪಲ್ಯ ಕಾಳುಗಳನ್ನು ಕೂಡಿಸಿ ಭಜ್ಜಿಯನ್ನು ಮಾಡಿ, ಹೊಲಕ್ಕೆ ಹೋಗಿ ಭೂತಾಯಿಗೆ ಚರಗವನ್ನು ಚೆಲ್ಲುವರಾದರೆ, ಅವರ ಹಿರಿಯರು ಕಪ್ಪು ಎರೆಯ ಭೂಮಿಯಿಂದ ಬಂದವರೆಂದು ಊಹಿಸಲು ಅವಕಾಶವುಂಟು. ನಿತ್ಯದ ಊಟವು ಹೊಸ ನೆಲಕ್ಕೆ ಬೇಗನೆ ಹೊಂದಿಕೊಳ್ಳುತ್ತದೆ. ಹಬ್ಬದ ಊಟವು ಹಳೆಯ ನೆಲವನ್ನು ಬಹುಕಾಲ ಬಿಡುವುದಿಲ್ಲ. ವಂಶಶೋಧನೆ ಮಾಡುವವರು ಆದುದರಿಂದ ಮೊದಲು ಹಬ್ಬದ ಎಡೆಯನ್ನೂ, ಬಾಣಂತಿಯ ಪಥ್ಯವನ್ನೂ ವಿಚಾರಿಸತಕ್ಕದ್ದು.

ಶ್ರೀ ಸಿದ್ಧರಾಮೇಶ್ವರರ ಕ್ಷೇತ್ರವಾದ ಸೊಲ್ಲಾಪುರದಲ್ಲಿ, ಮನೆಯ ಮಾತು ಮರಾಠಿಗೆ ತಿರುಗಿದ್ದರೂ ಅಡುಗೆಯ ಮನೆಯ ಮಾತುಗಳಲ್ಲಿ ಕನ್ನಡವನ್ನು ಉಳಿಸಿಕೊಂಡಿರುವ ಮನೆತನಗಳಿವೆ. ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿಯ ಸುತ್ತಣ ಬೆಟ್ಟದ ಊರುಗಳಲ್ಲಿ ಕನ್ನಡ ನುಡಿಯುವ ಲಿಂಗವಂತರು ಈಗಲೂ ಇರುವರು. ನೀಲಗಿರಿಯ ಬಡಗರ ಹೆಸರೇ ಅವರು ಬಡಗಣ ದಿಕ್ಕಿನಿಂದ ಬಂದವರೆಂಬುದನ್ನು ಸೂಚಿಸುತ್ತದೆ. ೧೫೬೫ರಲ್ಲಿ ವಿಜಯನಗರವು ಬಿದ್ದ ಬಳಿಕ ಮೈಸೂರು ಸೀಮೆಯಿಂದ ಬೆಟ್ಟವನ್ನೇರಿದೆವೆಂಬ ಐತಿಹ್ಯವು ಅವರಲ್ಲಿದೆ. ಅವರಲ್ಲಿ ಒಡೆಯರೆಂಬ ಪಂಗಡದವರು ಲಿಂಗಧಾರಿಗಳು. ರಾಗಿ ಸಾಮೆಗಳು ಅವರ ಪುರಾತನ ಧಾನ್ಯಗಳು. ನಾಡು ಬಿಟ್ಟವರು ಮೊದಲು ಉಡುಪನ್ನು ಬಿಡುತ್ತಾರೆ, ಆಮೇಲೆ ಭಾಷೆಯನ್ನು ಬಿಡುತ್ತಾರೆ, ಕಟ್ಟಕಡೆಗೆ ರುಚಿಯನ್ನು ಬಿಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕವಾಗಿದೆ. ಮನೆಯಲ್ಲಿ ನಡೆದು ಬಂದುದೆಲ್ಲವೂ ಪುರಾತನವೆಂದು ಹೇಳಲಾಗದು. ಇಂದು ಒಣಮೆಣಸಿನಕಾಯಿಲ್ಲದ ಕಾರಬ್ಯಾಳಿಯನ್ನಾಗಲಿ, ಶೇಂಗಾದ ಹಿಂಡಿಯಿಲ್ಲದ ರೊಟ್ಟಿಯ ಬುತ್ತಿಯನ್ನಾಗಲಿ ಊಹಿಸುವುದು ಕಷ್ಟ. ಆದರೆ ಮೆಣಸಿನಕಾಯಿ, ಶೇಂಗಾ, ಬಟಾಟೆ ಈ ಮೂರೂ ಅಮೆರಿಕಾ ಖಂಡದಲ್ಲಿ ಹುಟ್ಟಿದವು. ಪೋರ್ತುಗೀಜರು ೧೪೯೮ರಲ್ಲಿ ಈ ದೇಶದ ಕರಾವಳಿಗೆ ಬಂದ ಬಳಿಕ ಮಾತ್ರ ಇವು ಇಲ್ಲಿಗೆ ಬಂದವು. ಕಲ್ಯಾಣದ ಮಹಾಮನೆಯ ಅಡುಗೆಯಲ್ಲಿ ಕಾರಕ್ಕೆ ಇದ್ದುದು ಕರಿಯ ಮೆಣಸು. ಮೆಣಸಿನಂತೆ ಕಾರವಾದ ಕಾಯಿ ಎಂಬ ಹೆಸರಿನಲ್ಲಿಯೇ ಈ ಚರಿತ್ರೆಯು ಅಡಗಿದೆ. ಕಲ್ಯಾಣದ ಚಾಲುಕ್ಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಸುಮಾರು ೧೧೩೦ರದು, ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವು ಸುಮಾರು ೧೦೨೫ರದು, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಹದಿನಾರನೆಯ ಶತಮಾನದ ಆದಿಭಾಗದ್ದು. ವೀರಶೈವ ನೃಪತಿಯಾದ ಕೆಳದಿಯ ಬಸವಭೂಪಾಲನು ೧೭೦೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ದಲ್ಲಿಯೂ ಪಾಕಶಾಸ್ತ್ರಕ್ಕೆ ಸ್ಥಾನವುಂಟು. ಮನೆಯ ಅಡುಗೆಯನ್ನು ಇಂಥ ಗ್ರಂಥಗಳೊಡನೆ ಹೋಲಿಸಿ ನೋಡಿದರೆ, ಯಾವುದು ಹಳೆಯ ಪದರ, ಯಾವುದು ಹೊಸ ಪದರ ಎಂಬುದು ತಿಳಿಯುವುದು. ಎಳ್ಳು, ಅಗಸೆ, ಗುರೆಳ್ಳು, ಕುಸುಬೆಗಳ ಪಾಕಗಳು ಶೇಂಗಾದ ಪಾಕಗಳಿಗಿಂತ ಹಿರಿಯವು.

ಅಳತೆಗಳೂ ಕಾಲವನ್ನು ಹೇಳುತ್ತವೆ. ಅಜ್ಜಿಯ ಬಾಯಿಯಲ್ಲಿ ಸೇರು, ಪಾವು, ಚಟಾಕು ಎಂದಿದ್ದರೆ, ಅದು ೧೯೫೬ರ ಶಾಸನದಿಂದ ಮೆಟ್ರಿಕ್ ಪದ್ಧತಿಯು ಬರುವುದಕ್ಕೆ ಮುಂಚಿನ ಮಾತು. ಸೇರಿನ ಪ್ರಮಾಣವು ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದುದರಿಂದ, ಯಾವ ಊರಿನ ಸೇರು ಎಂದು ಕೇಳಿದರೆ ಮೂಲದ ಊರಿನ ಹೆಸರೂ ಹೊರಬರಬಹುದು. ಇನ್ನು ಕೆಲವು ಮನೆಗಳಲ್ಲಿ ಹಬ್ಬದ ಅಡುಗೆಯ ನೆನಪಿನೊಡನೆ ಹಸಿವಿನ ಅಡುಗೆಯ ನೆನಪೂ ಇರುತ್ತದೆ. ಹುಣಿಸೆಯ ಬೀಜವನ್ನು ಹುರಿದು ಬೀಸಿದುದು, ಹೊಲದ ಬದುವಿನ ಸೊಪ್ಪನ್ನು ಉಪ್ಪಿಲ್ಲದೆ ಬೇಯಿಸಿದುದು, ಇವುಗಳನ್ನು ಹಿರಿಯರು ಮೆಲ್ಲನೆ ಹೇಳುವರು. ೧೮೭೬ರಿಂದ ೧೮೭೮ರ ವರೆಗೆ ದಕ್ಷಿಣ ದೇಶವನ್ನು ಸುಟ್ಟ ಮಹಾಕ್ಷಾಮದಲ್ಲಿ ವಿಜಾಪುರ, ಧಾರವಾಡ, ಬಳ್ಳಾರಿ, ಮೈಸೂರು ಸೀಮೆಗಳು ಬಹುವಾಗಿ ನೊಂದವು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲ್ಪಟ್ಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕಿಳಿಯಿತು. ಅನೇಕ ವಂಶಾವಳಿಗಳು ಆ ಕಾಲದಲ್ಲಿ ತುಂಡಾಗುವುದೂ, ಮನೆತನಗಳು ಊರು ಬಿಟ್ಟು ಊರಿಗೆ ಹೋದುದೂ ಇದರಿಂದಲೇ. ಹುಣಿಸೆಯ ಬೀಜದ ಹಿಟ್ಟಿನ ನೆನಪಿರುವ ಮನೆಯಲ್ಲಿ, ವಂಶಾವಳಿಯು ತುಂಡಾದ ಕಾರಣವೂ ಅದರೊಡನೆಯೇ ಇದೆ.

ದೂರದ ಒಂದು ದೃಷ್ಟಾಂತವು ಈ ಮಾತನ್ನು ದೃಢಪಡಿಸುತ್ತದೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ದಕ್ಷಿಣ ಪ್ರಾಂತಗಳಲ್ಲಿ ಆಫ್ರಿಕಾದಿಂದ ಬಲಾತ್ಕಾರವಾಗಿ ತರಲ್ಪಟ್ಟ ಜನರು ೧೮೬೫ರ ವರೆಗೆ ದಾಸ್ಯದಲ್ಲಿದ್ದರು. ೧೮೫೦ ಮತ್ತು ೧೮೬೦ರ ಗಣತಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ಅವರ ವಯಸ್ಸು, ಲಿಂಗ, ಬಣ್ಣಗಳನ್ನು ಬರೆದರೇ ಹೊರತು ಸಾಮಾನ್ಯವಾಗಿ ಹೆಸರನ್ನು ಬರೆಯಲಿಲ್ಲ. ಅವರೆಲ್ಲರ ಹೆಸರುಗಳು ಗಣತಿಯಲ್ಲಿ ಕಾಣಿಸಿದುದು ೧೮೭೦ರಲ್ಲಿ. ಆದುದರಿಂದ ಅವರ ಸಂತತಿಯವರು ತಮ್ಮ ಮೂಲವನ್ನು ಹುಡುಕುತ್ತ ಹೋದರೆ ಆ ವರ್ಷದಲ್ಲಿ ಗೋಡೆಯೊಂದು ಎದುರಾದಂತಾಗುತ್ತದೆ. ಆ ಗೋಡೆಯ ಆಚೆಯ ಸುದ್ದಿಯನ್ನು ತಂದವುಗಳಲ್ಲಿ ಅಡುಗೆಯೂ ಒಂದು. ಬೆಂಡೆಯ ಸಾರು, ಅಲಸಂದೆಯನ್ನು ಕೂಡಿಸಿ ಬೇಯಿಸಿದ ಅನ್ನ, ಇವು ಆಫ್ರಿಕಾದ ಪಶ್ಚಿಮ ತೀರದ ಪಾಕಗಳಿಗೆ ಸಂಬಂಧಿಸಿದವು. ಕೆರೊಲಿನಾ ಪ್ರಾಂತದಲ್ಲಿ ಎಳ್ಳಿಗೆ ‘ಬೆನ್ನೆ’ ಎಂಬ ಹೆಸರು ಇಂದಿಗೂ ಇದ್ದು, ಅದು ಪಶ್ಚಿಮ ಆಫ್ರಿಕಾದ ನುಡಿಗಳಿಂದ ಬಂದುದು. ಹೆಸರನ್ನೇ ಕಸಿದುಕೊಂಡವರು ನಾಲಗೆಯ ರುಚಿಯನ್ನು ಕಸಿದುಕೊಳ್ಳಲಾರದೆ ಹೋದರು.

ಇಷ್ಟು ಹೇಳಿದ ಮೇಲೆ ಒಂದು ದೊಡ್ಡ ಆಕ್ಷೇಪವು ಏಳುತ್ತದೆ. ಕುಲವನ್ನು ಹಳಿದ ಶರಣರ ಮಾರ್ಗದಲ್ಲಿ ನಡೆಯುವವರಿಗೆ ವಂಶಶೋಧನೆಯು ಏತಕ್ಕೆ? ಲಿಂಗಧಾರಣೆಯಾದ ಬಳಿಕ ಪೂರ್ವಾಶ್ರಯವನ್ನು ಅರಸುವುದು ದೋಷವಲ್ಲವೇ? ಈ ಆಕ್ಷೇಪವು ನ್ಯಾಯವಾದುದು. ಹಿರಿಯರ ಹೆಸರನ್ನು ಹುಡುಕಿ ತೆಗೆದು, ಅದರಿಂದ ಅವರು ಮೇಲು, ಇವರು ಕೀಳು ಎಂದು ಎಣಿಸುವುದಾದರೆ, ಅಥವಾ ಹೆಣ್ಣು ಗಂಡುಗಳನ್ನು ಕೊಡುವ ತರುವ ಕಾಲದಲ್ಲಿ ಅದನ್ನು ಬೇಲಿಯಾಗಿ ಹಾಕುವುದಾದರೆ, ಅಂಥ ಶೋಧನೆಯನ್ನು ಮಾಡದಿರುವುದೇ ಲೇಸು. ಆದರೆ ಬಸವಣ್ಣನವರು ತಮ್ಮ ಹಿರಿಯರು ಯಾರೆಂಬುದನ್ನು ಹೇಳದೆ ಬಿಡಲಿಲ್ಲ. ಹುಟ್ಟಿದ ಕುಲವನ್ನು ಬದಿಗಿಟ್ಟು, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದವರನ್ನು ತಮ್ಮ ಬಂಧುಗಳೆಂದು ವಚನಗಳಲ್ಲಿ ಸಾರಿದರು. ವಂಶವೃಕ್ಷವನ್ನು ಅವರು ಕಡಿಯಲಿಲ್ಲ. ಅದನ್ನು ಬೇರೆಯ ನೆಲದಲ್ಲಿ ನೆಟ್ಟರು.

ಆ ನೆಲವು ಯಾವುದೆಂದು ನೋಡಿದರೆ ಮತ್ತೆ ಪಾಕಶಾಲೆಯೇ ಎದುರಾಗುತ್ತದೆ. ಚೆನ್ನಯ್ಯನವರು ದಕ್ಷಿಣದ ಚೋಳದೇಶದಲ್ಲಿ ಅರಸನ ಕುದುರೆಗಳಿಗೆ ಹುಲ್ಲನ್ನು ತರುತ್ತಿದ್ದವರು. ಅವರು ಗುಪ್ತಭಕ್ತಿಯಿಂದ ಅರ್ಪಿಸಿದ ಅಂಬಲಿಯನ್ನು ಶಿವನು ಸವಿದು, ಚೋಳರಾಜನ ನೈವೇದ್ಯವನ್ನು ಮುಟ್ಟದೆ ಹೋದನೆಂಬ ಕಥೆಯು ಬಸವಪುರಾಣದಲ್ಲಿ ಪ್ರಸಿದ್ಧವಾಗಿದೆ. ಅದನ್ನು ಭೀಮಕವಿಯು ೧೩೬೯ರಲ್ಲಿ ಕನ್ನಡಕ್ಕೆ ತಂದನು. ಅರುವತ್ತುಮೂವರು ಪುರಾತನರಲ್ಲಿ ಹೆಚ್ಚಿನವರು ತಮಿಳು ದೇಶದವರು. ಹನ್ನೆರಡನೆಯ ಶತಮಾನದಲ್ಲಿ ಶೇಕ್ಕಿಳಾರನು ತಮಿಳಿನ ‘ಪೆರಿಯಪುರಾಣ’ದಲ್ಲಿ ಅವರನ್ನು ಹಾಡಿದನು, ಸುಮಾರು ೧೨೦೦ರಲ್ಲಿ ಹರಿಹರನು ಕನ್ನಡದ ರಗಳೆಗಳಲ್ಲಿ ಹಾಡಿದನು. ಇಳೆಯಾಂಡಗುಡಿಯ ಮಾರನು ಮಳೆಯ ರಾತ್ರಿಯಲ್ಲಿ ಬಂದ ಅತಿಥಿಗಾಗಿ, ಆ ದಿನವೇ ಬಿತ್ತಿದ ಬತ್ತವನ್ನು ಹೊಲದಿಂದ ಬಳಿದು ತಂದನು. ಸೌದೆಯಿಲ್ಲದಿರಲು ಮನೆಯ ಮಾಡಿನ ಮರವನ್ನೇ ಕಡಿದನು. ಅವನ ಹೆಂಡತಿಯು ಹಿತ್ತಲಿನ ಎಳೆಯ ಸೊಪ್ಪೊಂದರಿಂದಲೇ ಹಲವು ಬಗೆಯ ವ್ಯಂಜನಗಳನ್ನು ಮಾಡಿ ಬಡಿಸಿದಳು. ಕಾರಿಕಾಲಮ್ಮೆಯ ಭಕ್ತಿಯು ಲೋಕಕ್ಕೆ ತಿಳಿದುದು ಶಿವಭಕ್ತನಿಗೆ ಆಕೆ ಬಡಿಸಿದ ಮೊಸರನ್ನದಿಂದಲೂ ಒಂದು ಮಾವಿನ ಹಣ್ಣಿನಿಂದಲೂ. ಲಿಂಗವಂತ ಧರ್ಮದ ದಕ್ಷಿಣದ ಹಿರಿಯರು ಹೀಗೆ ಪಾಕದ ಮೂಲಕವಾಗಿಯೇ ನೆನೆಯಲ್ಪಡುತ್ತಾರೆ. ಅವರ ರಕ್ತದ ಸಂಬಂಧವನ್ನು ಯಾರೂ ಹುಡುಕುವುದಿಲ್ಲ. ಅವರು ಬಡಿಸಿದ ಎಡೆಯ ಸಂಬಂಧವೇ ಸಾಕಾಗಿದೆ. ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತವರೆಲ್ಲರೂ ಆ ವಂಶದವರು.

ಆದುದರಿಂದ ಮನೆಯ ಹಿರಿಯರನ್ನು ಹುಡುಕುವುದು ಋಣವನ್ನು ತಿಳಿಯುವುದಕ್ಕಾಗಿ. ಅದನ್ನು ಅಭಿಮಾನದ ಸಾಧನವಾಗಿ ಮಾಡಿಕೊಳ್ಳತಕ್ಕದ್ದಲ್ಲ. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯನು ಒಂದು ದಿನ ಹೆಚ್ಚಾಗಿ ತಂದಾಗ, ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಎಷ್ಟು ಅಕ್ಕಿ ಸಾಕು ಎಂಬುದನ್ನು ಅರಿತ ತಾಯಿಯ ಕೈಯ ಅಳತೆಯು ಧರ್ಮಶಾಸ್ತ್ರವಾಯಿತು. ಪ್ರತಿಯೊಂದು ಮನೆಯಲ್ಲಿಯೂ ಅಂಥ ಕೈಯೊಂದು ಇದ್ದಿರಬೇಕು. ಕ್ಷಾಮದಲ್ಲಿ ತಾನು ಉಣ್ಣದೆ ಮಕ್ಕಳಿಗೆ ಗಂಜಿಯನ್ನೆರೆದ ಕೈಯದು, ಮನೆಗೆ ಬಂದ ಜಂಗಮನಿಗೆ ಇದ್ದ ಒಂದು ರೊಟ್ಟಿಯನ್ನು ಮುರಿದು ಕೊಟ್ಟ ಕೈಯದು. ಆ ಕೈಯ ಹೆಸರು ತಿಳಿಯದಿರುವುದು ಸಂತತಿಯವರಿಗೆ ಶೋಭೆಯಲ್ಲ.

ಡಾ. ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗರಿಯ ಕಟ್ಟುಗಳನ್ನು ಹುಡುಕಿ ತಂದು, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಕಟ್ಟುಗಳು ಓದಿಗೆ ಬಂದುವು. ಓಲೆಗರಿಯಾದರೋ ಒಂದು ತಲೆಮಾರು ಮರೆತರೂ ಇನ್ನೊಂದು ತಲೆಮಾರಿಗೆ ಉಳಿದೀತು. ಅಜ್ಜಿಯ ನಾಲಗೆಯು ಹಾಗಲ್ಲ. ಆದುದರಿಂದ ಭಕ್ತರು ಈ ಮಹೋತ್ಸವದ ನೆನಪಿಗಾಗಿ ಒಂದು ಕಾರ್ಯವನ್ನು ಕೈಕೊಳ್ಳುವುದು ಯೋಗ್ಯವಾಗಿದೆ. ಮನೆಯ ಹಿರಿಯ ತಾಯಂದಿರ ಬಳಿಯಲ್ಲಿ ಕುಳಿತು, ಅವರು ಮಾಡುವ ಅಡುಗೆಗಳನ್ನು ಅವರ ಮಾತಿನಲ್ಲಿಯೇ, ಅವರ ಅಳತೆಯಲ್ಲಿಯೇ ಬರೆದುಕೊಳ್ಳಲಿ. ಪ್ರತಿಯೊಂದು ಪಾಕದ ಕೆಳಗೆ, ಅದನ್ನು ಯಾರಿಂದ ಕಲಿತರು, ಆಕೆಯ ಹೆಸರೇನು, ತೌರೂರು ಯಾವುದು, ಯಾವ ಹಬ್ಬದಲ್ಲಿ ಮಾಡುತ್ತಿದ್ದರು, ಮೊದಲ ಎಡೆಯನ್ನು ಯಾರಿಗೆ ಇಡುತ್ತಿದ್ದರು ಎಂಬುದನ್ನು ಬರೆಯಲಿ. ತಿಳಿದಷ್ಟನ್ನೇ ಬರೆಯಲಿ, ಊಹೆಯನ್ನು ಊಹೆಯೆಂದು ಗುರುತಿಸಲಿ. ಅದರ ಒಂದು ಪ್ರತಿಯನ್ನು ಶ್ರೀಮಠದ ಗ್ರಂಥಭಾಂಡಾರಕ್ಕೆ ಒಪ್ಪಿಸಲಿ. ಕಾಣಿಕೆಯ ಪುಸ್ತಕದಲ್ಲಿ ತಂದೆಯ ಹೆಸರಿರುವ ಮನೆತನಕ್ಕೆ ಇದರಲ್ಲಿ ತಾಯಿಯ ಹೆಸರೂ ಸಿಕ್ಕುವುದು.

ಮುಂದಿನ ಮಹೋತ್ಸವಕ್ಕೆ ಬರುವ ಮಕ್ಕಳು ತಮ್ಮ ಮೂಲವನ್ನು ಕೇಳಿದಾಗ, ಅವರ ಮುಂದೆ ಆ ಪುಸ್ತಕವನ್ನು ತೆರೆದಿಡುವಂತಾಗಲಿ. ಬಳಿಕ ಅವರನ್ನು ದಾಸೋಹದ ಪಂಕ್ತಿಗೆ ಕರೆದುಕೊಂಡು ಹೋಗುವಂತಾಗಲಿ. ಗುರುಕೃಪೆಯು ಎಲ್ಲರ ಮೇಲೆಯೂ ಇರಲಿ.

ಶಿವಂ ಭೂಯಾತ್.